ಕೋಪದಿಂದ ಪಳಗಿಸಿದ ಸೀಟುಗಳು

ತಕ್ಕಡಿ ಸಾರ್ ಅವರ ದೂರು ಒಂದೇ: ಹೆಂಡತಿ ಜಗಳವಾಡುವುದನ್ನು ನಿಲ್ಲಿಸಿಬಿಟ್ಟಿದ್ದಾರೆ.

ಬೇರೆ ಗಂಡಂದಿರಾಗಿದ್ದರೆ ಬೀದಿಗೆಲ್ಲ ಸಿಹಿ ಹಂಚುತ್ತಿದ್ದರು. ಸಾರ್ ಮಾತ್ರ ಒಂದು ವಾರದಿಂದ ತಟ್ಟೆಯಲ್ಲಿ ಕೂದಲು ಹುಡುಕುತ್ತಿದ್ದರು. ಸಿಗದೆಹೋದಾಗ ತಮ್ಮ ತಲೆಯದೇ ಒಂದನ್ನು ಕಿತ್ತು ಹಾಕೋಣವೆಂದರೆ, ಅಲ್ಲಿ ಉಳಿದಿರುವುದು ಖರ್ಚು ಮಾಡುವಷ್ಟಿಲ್ಲ. ಕಾಫಿ ತಣ್ಣಗಿದೆ ಎಂದರು. ಆಕೆ ನಗುತ್ತ ಬಿಸಿ ಮಾಡಿ ತಂದುಕೊಟ್ಟರು. ಈಗ ಬಾಯಿ ಸುಟ್ಟಿತು ಎಂದರು. ಆಕೆ ನಗುತ್ತ ಆರಿಸಿ ಕೊಟ್ಟರು. ಕೊನೆಯ ಅಸ್ತ್ರವೆಂದು ಭಾಮೈದನನ್ನೇ ಎಳೆದು ತಂದರು.

“ನಿನ್ನ ತಮ್ಮ ಇದ್ದಾನಲ್ಲ, ಶುದ್ಧ ಸೋಮಾರಿ.”

“ಹೌದು ರೀ, ಚಿಕ್ಕಂದಿನಿಂದ್ಲೂ ಹಾಗೇ ಅವನು. ಇನ್ನೊಂದು ಸ್ವಲ್ಪ ಅನ್ನ ಹಾಕ್ಲಾ?”

ಮೂವತ್ತು ವರ್ಷದ ಸಂಸಾರದಲ್ಲಿ ತಮ್ಮನನ್ನು ಬಿಟ್ಟುಕೊಟ್ಟ ಅಕ್ಕನನ್ನು ಸಾರ್ ನೋಡಿದ್ದು ಅದೇ ಮೊದಲು.

ನಿಜ ಹೇಳಬೇಕೆಂದರೆ ಜಗಳ ಬೇಕಾಗಿದ್ದದ್ದು ಅವರಿಗಲ್ಲ, ಮನೆಯ ಹಾಲಿನ ನಡುವೆ ಕುಳಿತಿದ್ದ ಒಂದು ರೈಲು ಸೀಟಿಗೆ. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ತಕ್ಕಡಿ ಸಾರ್ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದ ಅವರಿಗೆ ರೈಲ್ವೆ ಮ್ಯೂಸಿಯಮ್ಮಿನ ಶೆಡ್ಡಿನವರು ಕೊಟ್ಟ ಬಿರುದು. ಕೆಲಸದಲ್ಲಿದ್ದಷ್ಟು ಕಾಲ ಅವರು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಅಂಗಡಿಯವನ ಮುಖ ಬಾಡುತ್ತಿತ್ತು, ತೂಕದ ಬಟ್ಟುಗಳು ಗೋಣಿಚೀಲದ ಹಿಂದೆ ಸೇರುತ್ತಿದ್ದವು. ಅಷ್ಟು ವರ್ಷದ ಸೇವೆಯಲ್ಲಿ ತಮ್ಮನ್ನು ಕಂಡು ಖುಷಿಯಿಂದ ಕೈಬೀಸಿದ ಒಂದೇ ಒಂದು ನರಪ್ರಾಣಿಯೂ ಅವರ ನೆನಪಿಗೆ ಬರುತ್ತಿರಲಿಲ್ಲ. ರೈಲಿನ ಚಾಲಕನಿಗೆ ಮಾತ್ರ, ಗುರುತಿಲ್ಲದವರೂ ಹೊಲದಲ್ಲಿ ನಿಂತು ಕೈಬೀಸುತ್ತಾರೆ! ಈ ಅನ್ಯಾಯ ಅವರ ಮನಸ್ಸಿನಲ್ಲಿ ಬಹಳ ದಿನದಿಂದ ಕೊರೆಯುತ್ತಿತ್ತು.

ಮ್ಯೂಸಿಯಮ್ಮಿನ ಹಿಂಭಾಗದ ಶೆಡ್ಡಿನಲ್ಲಿ ಅವರಂಥ ಹತ್ತಾರು ಜನ ಸಂಬಳವಿಲ್ಲದೆ, ಸ್ವಂತ ಖುಷಿಯಿಂದ, ಮನೆಯವರ ಬೈಗುಳದ ಬಲದಿಂದ ಒಂದು ಹಳೆಯ ಕರೆಂಟು ರೈಲುಡಬ್ಬಿಯನ್ನು ರಿಪೇರಿ ಮಾಡುತ್ತಿದ್ದರು. ಇದಕ್ಕೆ ಎಂಜಿನ್ ಬೇಡ; ಹೊಟ್ಟೆಯ ಕೆಳಗೆ ಮೋಟರು, ನೆತ್ತಿಯ ಮೇಲೆ ತಂತಿ. ಎರಡು ತುದಿಗೂ ಚಾಲಕನ ಕೋಣೆ. ಹೋಗುವಾಗ ಒಂದು ತುದಿ ಮುಂದು, ಬರುವಾಗ ಇನ್ನೊಂದು. ಚಾಲಕ ಈ ಕೋಣೆಯಿಂದಿಳಿದು ಆ ಕೋಣೆಗೆ ಹೋದರೆ ಮುಗಿಯಿತು, ಡಬ್ಬಿಯನ್ನು ತಿರುಗಿಸುವ ಗೋಜಿಲ್ಲ. ಆದರೆ ಪ್ರಯಾಣಿಕರು ಹಿಮ್ಮುಖವಾಗಿ ಕೂರಲು ಒಪ್ಪಬೇಕಲ್ಲ? ಅದಕ್ಕೆಂದೇ ಹಿಂದಿನವರು ಸೀಟಿನ ಒರಗುಬೆನ್ನನ್ನು ಎರಡು ಕಬ್ಬಿಣದ ತೋಳುಗಳ ಮೇಲೆ ನಿಲ್ಲಿಸಿ, ಕೆಳಗೆ ಕೀಲು ಕೊಟ್ಟಿದ್ದರು. ಬೆನ್ನಿನ ಮೂಲೆಯ ಹಿತ್ತಾಳೆ ಹಿಡಿಯನ್ನು ಹಿಡಿದು ಎಳೆದರೆ ಅದು ಈ ಬದಿಯಿಂದ ಆ ಬದಿಗೆ ಧಡ್ಡನೆ ಬೀಳುತ್ತಿತ್ತು. ಕೂರುವ ಹಲಗೆ ಇದ್ದಲ್ಲೇ. ಕೂತವರ ಮುಖ ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ.

ಶೆಡ್ಡಿನ ಮುಖಂಡರು ಬ್ರೇಕ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾಗಿ ಈಗ ಬ್ರೇಕಿನ ಭಾಗ ನೋಡಿಕೊಳ್ಳುವವರು. (ಅವರ ಮಾತಿಗೆ ಮಾತ್ರ ಬ್ರೇಕಿಲ್ಲ.) ಹೊಸಬರಾದ ಸಾರ್ ಅವರಿಗೆ ಮೋಟರು ಕೊಡಲಿಲ್ಲ, ಸ್ವಿಚ್ಚು ಮುಟ್ಟಲು ಬಿಡಲಿಲ್ಲ, ಒಂದು ಬದಿಯ ಎಂಟು ಸೀಟುಗಳನ್ನು ತೋರಿಸಿದರು.

“ನೋಡಿ ತಕ್ಕಡಿ ಸಾರ್, ಪುಟ್ಟ ಮಗು ಒಂದೇ ಕೈಯಲ್ಲಿ ತಿರುಗಿಸೋ ಹಾಗಿರಬೇಕು. ನಮ್ಮ ಶೆಡ್ಡಿನ ಪದ್ಧತಿ ಗೊತ್ತಲ್ಲ? ತಮ್ಮ ಪಾಲಿನ ಕೆಲಸ ಪೂರ್ತಿ ಮುಗಿಸಿದೋರು ಮೊದಲನೇ ಓಟದಲ್ಲಿ ಚಾಲಕನ ಕೋಣೆಯಲ್ಲಿ ನಿಂತ್ಕೋಬಹುದು. ಒಂದು ತಿರುಪು ಬಾಕಿ ಇದ್ರೂ ಇಲ್ಲ.”

ಚಾಲಕನ ಕೋಣೆ! ಸಾರ್ ಕಣ್ಣಿಗೆ ಹೊಲಗಳು ಕಂಡವು. ಹೊಲದ ತುಂಬ ಕೈಗಳು ಕಂಡವು.

ಶೆಡ್ಡಿನಲ್ಲಿ ನೆಲದ ಹಲಗೆ ಹಾಕುತ್ತಿದ್ದುದರಿಂದ ಸೀಟುಗಳನ್ನು ಇಡಲು ಜಾಗವಿರಲಿಲ್ಲ. ಸಾರ್ ಮೊದಲನೆಯದನ್ನು ಮನೆಗೆ ತಂದು ಹಾಲಿನ ನಡುವೆ ಇಳಿಸಿದರು. ಕೀಲಿಗೆ ಹೊಸ ಹಿತ್ತಾಳೆ ಬಳೆಗಳನ್ನು ಲೇತ್ ಯಂತ್ರದಲ್ಲಿ ಕೊರೆಸಿ ಕೂರಿಸಿದ್ದಾಗಿತ್ತು. ಹೊಸ ಬಳೆ ಹೊಸ ಚಪ್ಪಲಿಯಿದ್ದಂತೆ. ನಡೆಸಿ ನಡೆಸಿ ಪಳಗಿಸಬೇಕು. ಎಣ್ಣೆ ಹಾಕುವಂತಿಲ್ಲ, ಪ್ರಯಾಣಿಕರ ಬಟ್ಟೆಗೆ ಮೆತ್ತುತ್ತದೆ. ಪೆನ್ಸಿಲ್ ಕಡ್ಡಿಯ ಪುಡಿಯಂಥ ಒಣ ಪುಡಿ ಉದುರಿಸಿ, ಬೆನ್ನನ್ನು ಆ ಕಡೆ ಈ ಕಡೆ ಎಸೆಯುತ್ತಿರಬೇಕು. ಎಳೆಯುವಂತೆಯೂ ಇಲ್ಲ, ಎಸೆಯಬೇಕು. ನಿಧಾನಕ್ಕೆ ಎಳೆದರೆ ಒಂದು ತೋಳು ಮುಂದೆ, ಒಂದು ಹಿಂದೆ ಆಗಿ ನಡುದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ಸಾರ್ ಅವರ ಬಲಭುಜವೋ ಮಳೆಗಾಲದ ಬಾಗಿಲಿನಂತೆ ಹಿಡಿದುಕೊಂಡಿತ್ತು. ಎಡಗೈಯಲ್ಲಿ ಒಮ್ಮೆ ಎಸೆದು ನೋಡಿದರು. ಸೀಟು ಅಲ್ಲಾಡಲಿಲ್ಲ, ಸೊಂಟ ಅಲ್ಲಾಡಿತು.

ಅಷ್ಟರಲ್ಲಿ ಮನೆಯಾಕೆ ತರಕಾರಿ ಚೀಲದೊಂದಿಗೆ ಒಳಗೆ ಬಂದರು.

“ರೀ, ಇದೇನ್ರೀ ಇದು? ಮನೆಯೋ, ಪ್ಲಾಟ್‌ಫಾರಮ್ಮೋ?”

“ಸ್ವಲ್ಪ ದಿನ ಅಷ್ಟೇ ಕಣೇ.”

“ಸೋಫಾ ಎಲ್ಲಿ?”

“ನಿನ್ನ ತಮ್ಮನ ಮನೆಗೆ ಕಳಿಸ್ದೆ. ಪಾಪ, ಅವನೂ ಬಹಳ ದಿನದಿಂದ ನೆಲದ ಮೇಲೇ ಕೂತಿದ್ದ.”

“ನನ್ನ ಕಟಿಂಗ್ ಟೇಬಲ್ ಹಾಕೋಕೆ ಸೋಫಾ ತೆಗೀರಿ ಅಂತ ಕಳೆದ ವರ್ಷದಿಂದ ಬಡ್ಕೋತಿದೀನಿ. ‘ಬಂದೋರು ಎಲ್ಲಿ ಕೂರ್ತಾರೆ, ಮರ್ಯಾದೆ ಏನಾಗತ್ತೆ’ ಅಂದ್ರಿ. ಈ ಕಬ್ಬಿಣದ ಮುದುಕಿಗೆ ಒಂದೇ ಬೆಳಿಗ್ಗೆಗೆ ಜಾಗ ಆಯ್ತಾ?”

ಆಕೆಯ ಅಳಲು ಸುಳ್ಳಲ್ಲ. ಬಟ್ಟೆ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಸೂಪರ್‌ವೈಸರಾಗಿದ್ದು ನಿವೃತ್ತರಾದ ಆಕೆಗೆ ಇದ್ದ ಆಸೆ ಒಂದೇ: ಮನೆಯ ಹಾಲಿನಲ್ಲಿ ಹೊಲಿಗೆ ತರಗತಿ ಶುರುಮಾಡಬೇಕು. ಮೆಷಿನ್ನು ಮೆಟ್ಟಿಲ ಕೆಳಗೆ ಬಟ್ಟೆ ಹೊದ್ದು ಕಾಯುತ್ತಿತ್ತು.

ಆಕೆ ಚೀಲವನ್ನು ನೆಲಕ್ಕೆ ಕುಕ್ಕಿದರು. ಕೂರಲು ಬೇರೇನೂ ಇರಲಿಲ್ಲ. ಆ ಸೀಟಿನಲ್ಲಿ ಕೂತರೆ ಎದುರಿಗೆ ಗಂಡನ ಮುಖ. ಹಿತ್ತಾಳೆ ಹಿಡಿಗೆ ಕೈ ಹಾಕಿ, ದಪ್ಪ ಬಟ್ಟೆಯ ಥಾನು ಎಸೆದು ಪಳಗಿದ ಆ ಮಣಿಕಟ್ಟಿನಿಂದ ಒಂದೇ ಏಟಿಗೆ ಬೆನ್ನನ್ನು ಎಸೆದರು. ಕಿರ್ರ್ರ್ ಧಡ್! ಆಚೆ ಬದಿಗೆ ಹೋಗಿ ಕಿಟಕಿಗೆ ಮುಖಮಾಡಿ ಕೂತರು.

ಸಾರ್ ಸ್ತಬ್ಧರಾದರು. ಪಶ್ಚಾತ್ತಾಪದಿಂದಲ್ಲ.

“ಏನೇ ಆಗ್ಲಿ, ಸೀಟು ಸೊಗಸಾಗಿದೆ ಅಲ್ವಾ?” ಎಂದರು, ಪರೀಕ್ಷಿಸುವುದಕ್ಕಾಗಿ.

ಆಕೆ ಎದ್ದರು. ಕಿರ್ರ್ ಧಡ್! ಈ ಕಡೆ ಬಂದು ಕೂತು, ಬೈದು, ಮತ್ತೆ ಎದ್ದರು. ಕಿರ್ ಧಡ್! ಸಾಯಂಕಾಲದ ಹೊತ್ತಿಗೆ ಬರೀ ಟಕ್ ಎನ್ನುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಮನೆಯಲ್ಲಿ ಅದು ಸೀಟು ಪಳಗುವ ತನಕ ಎಂದಾಯಿತು.

ಶೆಡ್ಡಿನಲ್ಲಿ ಬ್ರೇಕ್ ಮೇಷ್ಟ್ರು ಆ ಸೀಟನ್ನು ಕಿರುಬೆರಳಿನಲ್ಲಿ ತಿರುಗಿಸಿ ಹುಬ್ಬೇರಿಸಿದರು. “ಯಾವ ವರ್ಕ್‌ಶಾಪಿನಲ್ಲಿ ಮಾಡ್ಸಿದ್ರಿ?” ಸಾರ್ ಮೀಸೆಯಡಿಯಲ್ಲಿ ನಕ್ಕು ವಿಷಯ ಹೇಳಿದರು. ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಜೀವಮಾನದಲ್ಲಿ ಮೊದಲ ಸಲ ಒಂದು ಗುಂಪು ತಮ್ಮ ಮಾತಿಗೆ ನಕ್ಕದ್ದು ಸಾರ್ ಅವರ ತಲೆಗೇರಿತು.

ಅಂದಿನಿಂದ ಅವರು ಶಾಸ್ತ್ರೋಕ್ತವಾಗಿ ಜಗಳ ತೆಗೆಯತೊಡಗಿದರು. ತೂಕದ ಇಲಾಖೆಯವರಲ್ಲವೆ? ಯಾವ ಮಾತಿಗೆ ಎಷ್ಟು ಬಲ ಎಂದು ಕರಾರುವಾಕ್ಕಾಗಿ ತೂಗಿದರು. ಉಪ್ಪು ಹೆಚ್ಚಾಯಿತು ಎಂದರೆ ಬೆನ್ನು ಅರ್ಧ ದಾರಿಗೆ ಬಂದು ನಿಲ್ಲುತ್ತಿತ್ತು. ಭಾಮೈದನ ವಿಷಯಕ್ಕೆ ಪೂರ್ತಿ ತಿರುಗುತ್ತಿತ್ತು. ಆದರೆ ಅತ್ಯುತ್ತಮ ಫಲಿತಾಂಶ, ಕಿಟಕಿಯ ಗಾಜೂ ನಡುಗುವಂಥದ್ದು, ಬರುತ್ತಿದ್ದದ್ದು ಒಂದೇ ಒಂದು ಮಾತಿಗೆ: “ನಿನ್ನ ಹೊಲಿಗೆ ಕ್ಲಾಸಿಗೆ ಯಾರೇ ಬರ್ತಾರೆ?”

ಹಾಗಾಗಿ ಅದನ್ನೇ ಹೆಚ್ಚು ಬಳಸಿದರು. ಮನಸ್ಸಿನಲ್ಲಿ ಹಾಗೇನೂ ಇರಲಿಲ್ಲ. ಆಕೆಯ ಕೈಯ ಹೊಲಿಗೆ ಎಂಥದ್ದೆಂದು, ಆಕೆ ಹೊಲಿದ ಅಂಗಿಯನ್ನೇ ತೊಟ್ಟು ನಿಂತಿದ್ದ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಹೇಳಿದ ಕೂಡಲೇ ಅವರು ಮಂಡಿಯೂರಿ, ನೆಲಕ್ಕೆ ಬಗ್ಗಿ, ಕೀಲಿಗೆ ಕಿವಿಯಿಡುತ್ತಿದ್ದರು. ಮೇಲೆ ಆಕೆ ಏನೇನೋ ಹೇಳುತ್ತಲೇ ಇರುತ್ತಿದ್ದರು. ಕೆಳಗೆ ಎಡಗೀಲು ಸ್ವಲ್ಪ ಉಜ್ಜುತ್ತಿದೆಯೋ, ಬಲಗೀಲೋ ಎಂಬುದು ಸಾರ್ ಅವರ ಚಿಂತೆ.

ಒಂದು ಪಳಗಿದರೆ ಕೊಟ್ಟು ಇನ್ನೊಂದು ತಂದರು. ಹೀಗೆ ಏಳು ಸೀಟುಗಳು ಮುಗಿದು ಎಂಟನೆಯದು ಹಾಲಿಗೆ ಬಂತು. ಏಳರ ಹಟವೂ ಸೇರಿದಂತೆ ಇತ್ತು ಅದು. ಸಾರ್ ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಬ್ರೇಕ್ ಮೇಷ್ಟ್ರು ಪ್ರತ್ಯಕ್ಷರಾದರು. ಕೈಯಲ್ಲಿ ಹಾಳೆಯಲ್ಲಿ ಸುತ್ತಿದ ಒಂದು ಪೊಟ್ಟಣ.

“ಅಮ್ಮಾ, ನಿಮ್ಮನ್ನ ನೋಡಿ ಕೈ ಮುಗಿದು ಹೋಗೋಣ ಅಂತ ಬಂದೆ,” ಎಂದರು ಮನೆಯಾಕೆಗೆ. “ಇದು ಶೆಡ್ಡಿನವರ ಕಾಣಿಕೆ, ಹಳೇ ಡಬ್ಬಿಯ ಬಾಗಿಲಿನ ಹಿಡಿ, ಪಾಲಿಶ್ ಹಾಕಿದೀವಿ. ನಿಮ್ಮ ಕೋಪ ಇಲ್ದೆ ಹೋಗಿದ್ರೆ ನಮ್ಮ ಸೀಟುಗಳು ಈ ಜನ್ಮದಲ್ಲಿ ತಿರುಗ್ತಿರಲಿಲ್ಲ.”

“ನನ್ನ ಕೋಪನಾ?”

ಸಾರ್ ಮೇಷ್ಟ್ರ ಹಿಂದೆ ನಿಂತು ಕೈ ಆಡಿಸಿದರು, ಕಣ್ಣು ಆಡಿಸಿದರು, ಕೆಮ್ಮಿದರು. ಹೇಳಿದೆನಲ್ಲ, ಮೇಷ್ಟ್ರಿಗೆ ಬ್ರೇಕಿಲ್ಲ.

“ಅದೇ ಅಮ್ಮಾ, ಸಾರ್ ಬೇಕೂಂತ ಕೆಣಕ್ತಾರಂತಲ್ಲ, ನೀವು ಎತ್ತಿ ಎಸೀತೀರಂತಲ್ಲ! ಆ ಹೊಲಿಗೆ ಕ್ಲಾಸಿನ ಮಾತಂತೂ ಬ್ರಹ್ಮಾಸ್ತ್ರ ಅಂತೆ. ಶೆಡ್ಡಿನಲ್ಲಿ ದಿನಾ ಕೇಳ್ತೀವಿ, ಇವತ್ತು ಗಾಜು ನಡುಗ್ತಾ ಸಾರ್ ಅಂತ. ಹ್ಹ ಹ್ಹ! ಪುಣ್ಯವಂತೆ ತಾಯಿ ನೀವು.”

ಆಕೆ ಪೊಟ್ಟಣ ತೆಗೆದುಕೊಂಡರು. ಮೇಷ್ಟ್ರಿಗೆ ಕಾಫಿ ಕೊಟ್ಟರು. ಬಾಗಿಲ ತನಕ ಬಂದು ಬೀಳ್ಕೊಟ್ಟರು. ಒಳಗೆ ಬಂದು, ಸೀಟನ್ನು ಮುಟ್ಟದೆ, ಅದು ಇದ್ದ ಮುಖಕ್ಕೇ ಕೂತು, ಗಂಡನನ್ನು ನೋಡಿ ನಕ್ಕರು.

ಆ ನಗು ಇಳಿಯಲೇ ಇಲ್ಲ. ಅಲ್ಲಿಂದ ಶುರುವಾದದ್ದೇ ಮೊದಲಿಗೆ ಹೇಳಿದ ಆ ಭಯಂಕರ ಶಾಂತಿ.

ಓಟದ ದಿನ ಹತ್ತಿರ ಬಂತು. ಸಾರ್ ಎದುರು ಮನೆಯ ಸೊಸೆಯನ್ನು ಕರೆದು ಸೀಟಿನ ಬೆನ್ನನ್ನು ಎಸೆಸಿದರು. ಸೀಟು ನಡುದಾರಿಯಲ್ಲಿ ಕಚ್ಚಿಕೊಂಡಿತು. ಹಾಲು ಹಾಕುವವನಿಂದ ಎಸೆಸಿದರು; ಅವನು ಮಾರನೆಯ ದಿನ ಹಾಲನ್ನು ಗೇಟಿನಲ್ಲೇ ಇಟ್ಟು ಓಡಿದ. ಬಲವಿದ್ದವರಿಗೆ ಕೋಪವಿಲ್ಲ, ಕೋಪ ಬಂದದ್ದು ತಮಗೆ, ತಮ್ಮ ಭುಜಕ್ಕೆ ಬಲವಿಲ್ಲ. ಕಡೆಗೆ ಮಾನ ಬಿಟ್ಟು ಹೆಂಡತಿಯ ಮುಂದೆಯೇ ನಿಂತರು.

“ಏ, ಇದೊಂದು ಸೀಟು ಕಣೇ. ನಾಲ್ಕು ಸಲ ಎಸೆದುಕೊಡು ಸಾಕು. ನಂತರ ಈ ಹಾಲ್ ಪೂರ್ತಿ ನಿನ್ನದೇ. ಟೇಬಲ್ ನಾನೇ ಹೊತ್ತು ತಂದು ಹಾಕ್ತೀನಿ.”

“ಎಸೀತೀನಿ ರೀ, ಅದಕ್ಕೇನಂತೆ.” ಆಕೆ ಕೈ ಒರೆಸಿಕೊಂಡು ಬಂದು ಹಿತ್ತಾಳೆ ಹಿಡಿಯ ಮೇಲೆ ಕೈಯಿಟ್ಟರು. “ಒಂದು ಮಾತು ಕೇಳ್ತೀನಿ, ಹೇಳಿಬಿಡಿ. ಏಳು ಸೀಟು ತಿರುಗಿಸೋವಾಗ ನಾನು ಬಾಯಿ ಮುಚ್ಕೊಂಡಿರಲಿಲ್ಲ ಅಲ್ವಾ? ಏನು ಹೇಳ್ದೆ?”

“ಏನು ಹೇಳ್ದೆ ಅಂದ್ರೆ?”

“ಏನಾದ್ರೂ. ಒಂದೇ ಒಂದು ಮಾತು. ಹೇಳಿ, ಈಗಲೇ ಎಸೀತೀನಿ.”

ಸಾರ್ ಕಣ್ಣು ಮುಚ್ಚಿ ನೆನೆದರು. ಮೂರನೆಯ ಸೀಟಿನ ಎಡಗೀಲಿನ ಸಣ್ಣ ಸೀಟಿ ಕೇಳಿಸಿತು. ಐದನೆಯದರ ಒಣಕೆಮ್ಮು ಕೇಳಿಸಿತು. ಆರನೆಯದು ಮೆತ್ತಗಾದ ಕ್ಷಣ, ಅದರ ಟಕ್ ಸಹ ಸ್ಪಷ್ಟವಾಗಿ ಕೇಳಿಸಿತು. ಹೆಂಡತಿಯ ತುಟಿ ಅಲ್ಲಾಡುವುದು ಕಂಡಿತು. ಮಾತು ಕೇಳಿಸಲಿಲ್ಲ.

“ನನ್ನ... ಬೈದೆ,” ಎಂದರು.

“ಅದು ಊಹೆ. ನಿಮ್ಮ ಇಲಾಖೇಲಿ ಊಹೆಗೆ ಮೊಹರು ಹಾಕ್ತಿದ್ರಾ?”

ಸಾರ್ ಕೀಲಿನ ಮೇಲೆ ಉಳಿದಿದ್ದ ಪುಡಿ ಒರೆಸಿದರು.

“ಬೇಕರಿ ಮೇಲಿನ ರೂಮು ಖಾಲಿ ಇದೆ, ಅದನ್ನ ತಗೊಳ್ಳೋಣ ಅಂತಿದೀನಿ, ಬಂದು ನೋಡಿ ಅಂದೆ. ಆಗ ನೀವು ನೆಲಕ್ಕೆ ಬಗ್ಗಿದ್ರಿ. ಮುಂಗಡ ಕೊಟ್ಟೆ ಅಂದೆ. ಆಗಲೂ ಬಗ್ಗಿದ್ರಿ. ಒಬ್ಬಳೇ ನಿಂತು ಬೋರ್ಡು ಹಾಕಿಸೋಕೆ ಒಂಥರಾ ಆಗತ್ತೆ, ಜೊತೆಗೆ ಬನ್ನಿ ಅಂದೆ. ನೀವು ಬಗ್ಗಿದ್ದೋರು ಕಿವಿ ಕೊಡ್ತಿದ್ರಿ, ನನಗಲ್ಲ. ಮೆಷಿನ್ನು ಹೋಗಿ ವಾರವಾಯ್ತು. ಮೆಟ್ಟಿಲ ಕೆಳಗೆ ನೋಡಿದೀರಾ?”

ಸಾರ್ ನೋಡಿದರು. ಮೆಟ್ಟಿಲ ಕೆಳಗೆ, ಮೆಷಿನ್ನಿನ ಕಾಲುಗಳಿದ್ದ ಕಡೆ, ನಾಲ್ಕು ಗುರುತುಗಳು ಮಾತ್ರ ಇದ್ದವು.

“ಅಯ್ಯೋ, ಆ ಮಾತನ್ನ ನಾನು ಮನಸ್ಸಿನಿಂದ ಹೇಳ್ಲಿಲ್ಲ ಕಣೇ. ಕ್ಲಾಸಿಗೆ ಯಾರು ಬರ್ತಾರೆ ಅಂದಿದ್ದು ಬರೀ ಕೀಲಿಗೋಸ್ಕರ!”

“ಅದೇ ರೀ ನೋವು,” ಆಕೆ ಹಿಡಿಯಿಂದ ಕೈ ತೆಗೆದರು. “ಮನಸ್ಸಿನಿಂದ ಹೇಳಿದ್ರೆ ಒಂದು ದಿನ ಅತ್ತು ಸುಮ್ಮನಾಗ್ತಿದ್ದೆ. ಕೀಲಿಗೋಸ್ಕರ ಹೇಳಿದ್ರಿ.”

ಬೈದಿದ್ದರೆ ಚೆನ್ನಾಗಿತ್ತು. ಎಸೆದಿದ್ದರೆ ಇನ್ನೂ ಚೆನ್ನಾಗಿತ್ತು. ಆಕೆ ಚೀಲ ತೆಗೆದುಕೊಂಡು ತರಗತಿಗೆ ಹೊರಟುಹೋದರು.

ಮೊದಲನೆಯ ಓಟದ ದಿನ ಎಂಟನೆಯ ಸೀಟನ್ನು ಹಾಗೆಯೇ ಡಬ್ಬಿಯೊಳಗೆ ಬಿಗಿಯಲಾಯಿತು. ಬ್ರೇಕ್ ಮೇಷ್ಟ್ರು ಅದನ್ನು ಒಮ್ಮೆ ಅಲ್ಲಾಡಿಸಿ, ಸಾರ್ ಅವರನ್ನು ಪರೀಕ್ಷೆಯಲ್ಲಿ ನಪಾಸಾದ ಹುಡುಗನನ್ನು ನೋಡುವಂತೆ ನೋಡಿದರು.

“ಪ್ರಯಾಣಿಕರನ್ನ ಇದರಲ್ಲಿ ಕೂರಿಸಿ ಬೈಸಿಕೊಳ್ಳೋಕಾಗಲ್ಲ. ನಿಮ್ಮ ಸೀಟಿನಲ್ಲಿ ನೀವೇ ಕೂತ್ಕೊಳ್ಳಿ ಸಾರ್.” ಆಮೇಲೆ ಓಟಕ್ಕೆ ಬಂದಿದ್ದ ಮನೆಯಾಕೆಯ ಕಡೆ ತಿರುಗಿ, “ಅಮ್ಮಾ, ನ್ಯಾಯವಾಗಿ ನೋಡಿದ್ರೆ ಏಳು ಸೀಟಿನ ಕೆಲಸ ನಿಮ್ಮದು. ಚಾಲಕನ ಕೋಣೆಗೆ ಬನ್ನಿ,” ಎಂದರು.

ಸಾರ್ ಚಾಲಕನ ಕೋಣೆಯ ಬಾಗಿಲನ್ನೇ ನೋಡಿದರು.

“ಬೇಡಪ್ಪ, ಅಲ್ಲಿ ನಿಂತು ಏನು ಮಾಡ್ಲಿ? ನನ್ನ ಕ್ಲಾಸಿನ ಹುಡುಗಿಯರು ಬಂದಿದಾರೆ, ಅವರ ಜೊತೆ ಕೂರ್ತೀನಿ.”

ಮನುಷ್ಯನ ಕನಸನ್ನು ಕಸಿದುಕೊಂಡರೆ ಸಹಿಸಬಹುದು. ಅದನ್ನೇ ಇನ್ನೊಬ್ಬರ ಕೈಗೆ ಕೊಟ್ಟಾಗ ಅವರು ಬೇಡವೆಂದು ಪಕ್ಕಕ್ಕಿಟ್ಟರೆ ಹೇಗೆ ಸಹಿಸುವುದು? ಹುಡುಗಿಯರು ಎಂದರೆ ಎದುರು ಮನೆಯ ಸೊಸೆಯಿಂದ ಹಿಡಿದು ಹಲ್ಲು ಬಿದ್ದ ಒಬ್ಬ ಅಜ್ಜಿಯ ತನಕ ಇದ್ದರು. ಆ ಬದಿಯ ಸೀಟುಗಳೆಲ್ಲ ಅವರಿಂದಲೇ ತುಂಬಿದವು. ಎಂಟನೆಯದರ ಮುಂದಿನ ಸೀಟಿನಲ್ಲಿ ಮನೆಯಾಕೆ ಮತ್ತು ಎದುರು ಮನೆಯ ಸೊಸೆ. ಹೋಗುವಾಗ ಎಲ್ಲರ ಮುಖವೂ ಒಂದೇ ಕಡೆ. ಸಾರ್ ಅವರಿಗೆ ದಾರಿಯುದ್ದಕ್ಕೂ ಕಂಡದ್ದು ಹೆಂಡತಿಯ ತುರುಬು. ಹೊರಗೆ ಜನ ಕೈಬೀಸುತ್ತಿದ್ದರು. ಬೀಸಿದ್ದೆಲ್ಲ ಚಾಲಕನ ಕೋಣೆಗೆ.

ಹಳಿ ಮುಗಿದ ತುದಿಯಲ್ಲಿ ಡಬ್ಬಿ ನಿಂತಿತು. ಎಲ್ಲರೂ ಎದ್ದು ಬೆನ್ನು ತಿರುಗಿಸಿದರು, ಟಕ್ ಟಕ್ ಟಕ್. ಮನೆಯಾಕೆ ತಮ್ಮ ಸೀಟನ್ನು ಒಂದೇ ಬೆರಳಿನಲ್ಲಿ ತಿರುಗಿಸಿದರು. ಎಂಟನೆಯದು ಮಾತ್ರ ಕದಲಲಿಲ್ಲ. ಹೀಗಾಗಿ ಡಬ್ಬಿಯಲ್ಲಿದ್ದವರೆಲ್ಲ ಮನೆಯ ದಿಕ್ಕಿಗೆ ಮುಖಮಾಡಿದರೆ, ಸಾರ್ ಒಬ್ಬರೇ ಅವರಿಗೆಲ್ಲ ಎದುರಾಗಿ, ಹೆಂಡತಿಯ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಹಿಮ್ಮುಖವಾಗಿ ಕೂತರು.

“ಅಂಕಲ್, ನೀವ್ಯಾಕೆ ಉಲ್ಟಾ ಕೂತಿದೀರಿ?” ಎಂದಳು ಸೊಸೆ.

ಸಾರ್ ಕೀಲು, ಬಳೆ, ಒಣ ಪುಡಿಗಳ ವಿವರಣೆಗೆ ಗಂಟಲು ಸರಿಮಾಡಿಕೊಂಡರು.

“ಬಿಡಮ್ಮ, ನಾನು ಹೇಳ್ತಿದ್ದದ್ದು ಕೇಳು,” ಎಂದರು ಮನೆಯಾಕೆ. “ತೋಳು ಕೂರಿಸೋವಾಗ ಎಳೆದು ಕೂರಿಸಬಾರದು. ಭುಜದ ಹತ್ತಿರ ಬಟ್ಟೆ ಒಂಚೂರು ಹೆಚ್ಚೇ ಬಿಡಬೇಕು. ಮೊದಲು ಕೈಯಲ್ಲಿ ಸಡಿಲವಾಗಿ ನೂಲು ಹಾಕು, ಹಾಕಿಕೊಂಡು ಕೈ ಎತ್ತಿ ನೋಡು, ಎಲ್ಲಿ ಹಿಡಿಯುತ್ತೆ ಅಂತ ಮೈಯೇ ಹೇಳುತ್ತೆ. ಅದನ್ನ ಕೇಳಿಕೊಂಡು ಆಮೇಲೆ ಮೆಷಿನ್ನು.”

ಅಂದು ಸಾರ್ ಕೇಳಿದರು. ಚಕ್ರದ ಸದ್ದು ಬಿಟ್ಟರು, ಮೋಟರಿನ ಸದ್ದು ಬಿಟ್ಟರು, ಸುತ್ತಲಿನ ಏಳು ಸೀಟುಗಳ ಕೀಲನ್ನೂ ಬಿಟ್ಟರು. ಹೆಂಡತಿಯ ಬಾಯಿಂದ ಬಿದ್ದ ಒಂದೊಂದು ಮಾತನ್ನೂ, ಚಿನ್ನದಂಗಡಿಯ ತಕ್ಕಡಿಗೆ ಮೊಹರು ಹಾಕುವ ಮುಂಚಿನ ನಿಷ್ಠೆಯಿಂದ, ಹಿಡಿದು ಹಿಡಿದು ಇಟ್ಟುಕೊಂಡರು.

ಇಳಿದ ಕೂಡಲೇ ಗುಂಪಿನಿಂದ ಆಕೆಯನ್ನು ಪಕ್ಕಕ್ಕೆ ಕರೆದರು. ಎದೆ ಸೆಟೆದು ನಿಂತು, ತೋಳು ಕೂರಿಸುವ ಕ್ರಮವನ್ನು ಮೊದಲಿನಿಂದ ಕೊನೆಯ ತನಕ ಒಪ್ಪಿಸಿದರು. ಕೈ ಎತ್ತಿ ನೋಡುವಲ್ಲಿ ನೋಯುವ ಕೈಯನ್ನೂ ಎತ್ತಿದರು.

ಆಕೆ ಪೂರ್ತಿ ಕೇಳಿದರು. ಒಂದು ಕಡೆಯೂ ತಡೆಯಲಿಲ್ಲ.

“ಎಲ್ಲ ಸರಿಯಾಗಿದೆ ರೀ. ಒಂದಕ್ಷರ ಬಿಟ್ಟಿಲ್ಲ,” ಎಂದರು. “ಆದ್ರೆ ಅದು ನಿಮಗೆ ಹೇಳಿದ್ದಲ್ಲ.”

ಹುಡುಗಿಯರು ಕರೆಯುತ್ತಿದ್ದರು. ಆಕೆ ಹೋದರು.

ಮೇಷ್ಟ್ರು ಸೀಟಿ ಊದಿ, ಎರಡನೆಯ ಓಟಕ್ಕೂ ಆ ಸೀಟಿನಲ್ಲಿ ನೀವೇ ಸಾರ್ ಎಂದು ಕೂಗಿದರು. ಸಾರ್ ಮತ್ತೆ ಹತ್ತಿದರು. ಈ ಸಲ ತುದಿ ಮುಟ್ಟಿ ಡಬ್ಬಿ ಹಿಂದಿರುಗುವಾಗ, ಮೊಣಕಾಲಿಗೆ ಮೊಣಕಾಲು ತಾಗಿ ಎದುರಿಗೆ ಕೂತದ್ದು ಗುರುತಿಲ್ಲದ ಒಬ್ಬ ಯುವಕ ಮತ್ತು ಅವನ ಹೆಂಡತಿ. ಮುಖ ನೋಡಿದರೆ ಮನೆಯಿಂದಲೇ ಏನೋ ಹೊತ್ತು ತಂದಿದ್ದರು.

“ಅಂಕಲ್, ತಪ್ಪು ತಿಳ್ಕೋಬೇಡಿ,” ಎಂದಳು ಆ ಹುಡುಗಿ, “ಸ್ವಲ್ಪ ಆ ಕಡೆ ತಿರುಗಿ ಕೂತ್ಕೊಳ್ತೀರಾ? ನಾವು ಒಂದು ವಿಷಯ ಮಾತಾಡ್ಬೇಕು.”

“ಇದು ತಿರುಗಲ್ಲಮ್ಮ,” ಎಂದರು ತಕ್ಕಡಿ ಸಾರ್. “ನೀವು ಧಾರಾಳವಾಗಿ ಮಾತಾಡಿ. ಎದುರಿಗೆ ಕೂತು ಎಷ್ಟು ಹೇಳಿದ್ರೂ ನನಗೆ ಏನೂ ಕೇಳಿಸಲ್ಲ. ಬೇಕಾದ್ರೆ ನಮ್ಮ ಮನೆಯವರನ್ನ ಕೇಳಿ.”